ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸುರುಸುರುಬತ್ತಿ ಅಷ್ಟೇನೂ ಸಾಧುವಲ್ಲ

ಪ್ರಶ್ನೆ: ನಾವು ದೀಪಾವಳಿಗೆ ಸದ್ದಿನ ಪಟಾಕಿ ತರುವುದೇ ಇಲ್ಲ. ನಾಲ್ಕು ವರ್ಷದ ಮೊಮ್ಮಗನಿಗೆ ಸುರುಸುರುಬತ್ತಿ ಮಾತ್ರ ಕೊಡುತ್ತೇವೆ. ಅದರಿಂದಲೂ ಅಪಾಯವಿದೆಯೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇದೆ. ಲೋಹದ ಪುಡಿಯ ಮಿಶ್ರಣವನ್ನು ಮೆತ್ತಿ ಒಣಗಿಸಿದ ಆ ಕಡ್ಡಿ ಉರಿಯುವಾಗ ಅದರ ತುದಿಯ ಬಿಸಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. 100 ಡಿಗ್ರಿಯಲ್ಲಿ ಕುದಿಯುವ ನೀರಿನ ಹತ್ತಿರ ಮಗುವನ್ನು ಸುಳಿಯಗೊಡದ ನಾವೇ ಈ ಕಡ್ಡಿಯನ್ನು ಅದರ ಕೈಗಿತ್ತು ಫೋಟೊ ತೆಗೆಯುತ್ತೇವೆ. ಮಗುವಿನ ತೋಳು ಗಿಡ್ಡ. ಕಿಡಿ ನೇರವಾಗಿ ಅಂಗಿಯ ತೋಳಿಗೂ ಮುಖಕ್ಕೂ ಹಾರುತ್ತದೆ. ಹಬ್ಬಕ್ಕೆಂದು ತೊಡಿಸಿದ ಹೊಸ ಬಟ್ಟೆ ನೈಲಾನಿನದಾದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಬತ್ತಿ ಆರಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಕೆಂಪಗಿದ್ದ ತಂತಿ ಕ್ಷಣದಲ್ಲಿ ಕಪ್ಪಾಗುತ್ತದೆ, ಆದರೆ ಬಿಸಿ ಉಳಿದಿರುತ್ತದೆ. ಅಂಗಳದಲ್ಲಿ ಎಸೆದ ಅದನ್ನು ಬರಿಗಾಲಿನ ಮಕ್ಕಳು ತುಳಿಯುತ್ತಾರೆ. ಆದ್ದರಿಂದ ಮೊಮ್ಮಗ ಈ ವರ್ಷ ಜಗಲಿಯಲ್ಲಿ ಕುಳಿತು ನೋಡಲಿ, ಬತ್ತಿಯನ್ನು ನೀವು ಹಿಡಿಯಿರಿ. ಹತ್ತಿಯ ಬಟ್ಟೆ, ಕಾಲಿಗೆ ಚಪ್ಪಲಿ, ಪಕ್ಕದಲ್ಲೇ ಒಂದು ಬಕೆಟ್ ನೀರು ಇರಲಿ. ಉರಿದ ತಂತಿಗಳೆಲ್ಲ ಆ ಬಕೆಟ್ಟಿಗೇ ಬೀಳಬೇಕು.

ಪ್ರಶ್ನೆ: ಕಳೆದ ವರ್ಷ ನಮ್ಮ ಬೀದಿಯಲ್ಲಿ ಹೂಕುಂಡ ಹೊತ್ತಲಿಲ್ಲವೆಂದು ಬಗ್ಗಿ ನೋಡಿದ ಹುಡುಗನ ಮುಖಕ್ಕೇ ಅದು ಸಿಡಿಯಿತು. ನೆರೆಯವರು ಕಣ್ಣಿಗೆ ನೀರು ಹೊಯ್ದು ಬಟ್ಟೆಯಿಂದ ಒರೆಸಿದರು. ಇದು ಸರಿಯೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಒರೆಸಿದ್ದು ಖಂಡಿತ ತಪ್ಪು, ನೀರು ಹೊಯ್ದದ್ದು ಸರಿಯೋ ತಪ್ಪೋ ಎಂಬುದು ಗಾಯದ ಬಗೆಯನ್ನು ಅವಲಂಬಿಸುತ್ತದೆ. ಬರೀ ಬೂದಿಯೋ ಮದ್ದಿನ ಪುಡಿಯೋ ಬಿದ್ದು ದೃಷ್ಟಿ ಸರಿಯಿದ್ದರೆ ಶುದ್ಧ ನೀರಿನಿಂದ ತೊಳೆಯಬೇಕು. ಆದರೆ ಪೆಟ್ಟು ಬಿದ್ದು ರಕ್ತ ಬಂದಿದ್ದರೆ, ನೋಟ ಮಂಜಾಗಿದ್ದರೆ ಅಥವಾ ಏನಾದರೂ ಚುಚ್ಚಿಕೊಂಡಿದ್ದರೆ ತೊಳೆಯಬಾರದು, ಉಜ್ಜಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು. ಕಣ್ಣುಗುಡ್ಡೆ ಹರಿದಿದ್ದರೆ ಸ್ವಲ್ಪ ಒತ್ತಿದರೂ ಒಳಗಿನ ಭಾಗ ಹೊರಬರಬಹುದು. ಕಾಗದದ ಲೋಟದ ತಳಭಾಗವನ್ನು ಗಿಡ್ಡವಾಗಿ ಕತ್ತರಿಸಿ, ಅಂಚು ಕಣ್ಣಿನ ಸುತ್ತಲ ಎಲುಬಿನ ಮೇಲೆ ಕೂರುವಂತೆ ಕವುಚಿ ಅಂಟುಪಟ್ಟಿ ಹಾಕಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ, ಕಾಫಿ ಕೊಡದೆ ಹೊರಡಿ. ನೋವು ಕಡಿಮೆಯಿದೆ ಎಂದು ಬೆಳಗಿನವರೆಗೆ ಕಾಯಬೇಡಿ. ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲ (ರೆಟಿನಾ) ಹರಿದರೆ ನೋವೇ ಇಲ್ಲದಿರಬಹುದು. ಬೆಂಗಳೂರಿನವರಿಗೆ 1896ರಿಂದ ಇರುವ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆಯಿದೆ. ಉಳಿದವರು ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಹಬ್ಬಕ್ಕೆ ಮೊದಲೇ ವಿಚಾರಿಸಿಟ್ಟುಕೊಳ್ಳಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಚರ್ಮ ಸುಟ್ಟಿದ್ದರೆ ಮಾತ್ರ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಊತ ಏರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಮಂಜುಗಡ್ಡೆ, ಶಾಯಿ, ಟೂತ್‌ಪೇಸ್ಟ್, ತುಪ್ಪ ಯಾವುದೂ ಬೇಡ. ಇವನ್ನು ಬಳಿದುಕೊಂಡು ಬಂದರೆ ಗಾಯ ನೋಡುವ ಮೊದಲು ಅದನ್ನು ತೊಳೆಯುವುದೇ ನಮಗೆ ಕೆಲಸವಾಗುತ್ತದೆ.

ಪ್ರಶ್ನೆ: ಹಸಿರು ಪಟಾಕಿಯಾದರೆ ಸುಟ್ಟಗಾಯದ ಭಯವಿಲ್ಲವಲ್ಲವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಗಲ್ಲ. ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ (ನೀರಿ) ವಿಜ್ಞಾನಿಗಳು ರೂಪಿಸಿದ ಆ ಪಟಾಕಿಗಳಲ್ಲಿ ಕಡಿಮೆಯಾಗಿರುವುದು ಹೊಗೆಯ ಕಣಗಳು, ಅದೂ ಸುಮಾರು ಶೇ. 30ರಷ್ಟು, ಬೆಂಕಿಯ ಬಿಸಿಯಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆಯ ಅವಧಿ ನಿಗದಿ ಮಾಡಿದಾಗ ಅದರ ಉದ್ದೇಶ ಮಾಲಿನ್ಯ ತಡೆಯುವುದಾಗಿತ್ತು, ಆದರೂ ವೈದ್ಯನಾಗಿ ನನಗೆ ಅದು ಬೇರೆ ಕಾರಣಕ್ಕೆ ಹಿಡಿಸಿತು: ದೊಡ್ಡವರು ಎರಡು ಗಂಟೆ ಪೂರ್ತಿ ಅಂಗಳದಲ್ಲಿ ನಿಲ್ಲಬಲ್ಲರು. ಮರುದಿನ ಬೆಳಿಗ್ಗೆ ಯಾರೂ ನಿಲ್ಲುವುದಿಲ್ಲ. ಆಗಲೇ ಮಕ್ಕಳು ಠುಸ್ಸಾದ ಪಟಾಕಿಗಳನ್ನು ಆಯ್ದು, ಮುರಿದು, ಮದ್ದನ್ನು ಕಾಗದದ ಮೇಲೆ ಸುರಿದು ಕಡ್ಡಿ ಗೀರುತ್ತಾರೆ. ರಾತ್ರಿ ಮಲಗುವ ಮೊದಲೇ ಅಂಗಳಕ್ಕೆ ನೀರು ಹೊಯ್ದು ಗುಡಿಸಿಬಿಡಿ.