ಪೋಲೆಂಡಿನ ಹಳೆಯ ಚಿತ್ರಗಳನ್ನು ಎಲ್ಲಿಂದ ನೋಡಲು ಆರಂಭಿಸಬೇಕು?

ಪೋಲಿಷ್ ಸಿನಿಮಾದ ಪರಿಚಯವೇ ಇಲ್ಲದವರು ಯಾವ ಚಿತ್ರದಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಆಂದ್ರೇ ವಾಯ್ದಾ ಅವರ 1957ರ ‘ಕನಾವ್’ ನೋಡಿ, ಅದರ ಬೆನ್ನಿಗೇ ಅವರದೇ 1958ರ ‘ಆ್ಯಶಸ್ ಅಂಡ್ ಡೈಮಂಡ್ಸ್’ ನೋಡಿ ಎಂಬುದು ನನ್ನ ಸಲಹೆ. ನಾನು ಎರಡನೆಯದನ್ನೇ ಮೊದಲು ನೋಡಿದ್ದರಿಂದ, ಅದರ ನಾಯಕ ಮಾಚೆಕ್ ರಾತ್ರಿಯಲ್ಲೂ ಕಪ್ಪು ಕನ್ನಡಕ ಧರಿಸುವುದು ನನಗೆ ಬರಿಯ ಠೀವಿಯಾಗಿ ಕಂಡಿತ್ತು.

1944ರ ಆಗಸ್ಟ್ 1ರಂದು ಜರ್ಮನರ ವಿರುದ್ಧ ದಂಗೆಯೆದ್ದ ವಾರ್ಸಾ ನಗರ 63 ದಿನ ಹೋರಾಡಿ ಸೋತಿತು. ಅದರ ಕೊನೆಯ ದಿನಗಳಲ್ಲಿ ಒಂದು ತುಕಡಿ ನೆಲದಡಿಯ ಚರಂಡಿಗಳಿಗಿಳಿದು ಪಾರಾಗಲು ಯತ್ನಿಸುವುದೇ ‘ಕನಾವ್’ ಚಿತ್ರದ ಕಥೆ. ಇವು ಇವರ ಬದುಕಿನ ಕೊನೆಯ ಗಂಟೆಗಳೆಂದು ನಿರೂಪಕ ಆರಂಭದಲ್ಲೇ ಹೇಳಿಬಿಡುವುದರಿಂದ, ಯಾರು ಉಳಿಯುತ್ತಾರೆಂಬ ಕುತೂಹಲ ಕಳಚಿ, ನಾವು ಅವರ ಮುಖಗಳನ್ನೇ ನೋಡುತ್ತ ಕೂರುತ್ತೇವೆ. ಒಂದು ಜೋಡಿ ಕಡೆಗೂ ಬೆಳಕಿರುವಲ್ಲಿಗೆ ತಲುಪಿದಾಗ ಎದುರಾಗುವುದು ಕಬ್ಬಿಣದ ಸರಳುಗಳು, ಅವುಗಳಾಚೆ ವಿಸ್ತುಲಾ ನದಿ, ಅದರ ಆಚೆ ದಡ. ಸೋವಿಯತ್ ಸೇನೆ ನೆರವಿಗೆ ಬಾರದೆ ನಿಂತದ್ದು ಆ ದಡದಲ್ಲೇ ಎಂಬುದನ್ನು ಕಮ್ಯುನಿಸ್ಟ್ ಆಡಳಿತದ ಕಾಲದ ಚಿತ್ರವೊಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಪೋಲಿಷ್ ಪ್ರೇಕ್ಷಕರಿಗೆ ಹೇಳಬೇಕಾಗಿಯೂ ಇರಲಿಲ್ಲ.

ಅಂಥ ಚರಂಡಿಗಳಲ್ಲಿ ನಡೆದು ಕಣ್ಣು ಕೆಡಿಸಿಕೊಂಡವನು ಮಾಚೆಕ್. ಜರ್ಮನಿ ಶರಣಾದ ದಿನ, ಕಮ್ಯುನಿಸ್ಟ್ ಮುಖಂಡನೊಬ್ಬನನ್ನು ಕೊಲ್ಲಬೇಕೆಂಬ ಆಜ್ಞೆ ಹೊತ್ತು ಹೋಟೆಲೊಂದರಲ್ಲಿ ಕಾಯುತ್ತಿರುವ ಅವನು, ಮದ್ಯದ ಲೋಟಗಳಿಗೆ ಬೆಂಕಿ ಹಚ್ಚಿ ಸತ್ತ ಗೆಳೆಯರನ್ನು ಒಬ್ಬೊಬ್ಬರಾಗಿ ನೆನೆಯುವ ದೃಶ್ಯ, ‘ಕನಾವ್’ ನೋಡಿದ ಬಳಿಕ, ನನ್ನನ್ನು ಎರಡನೆಯ ಬಾರಿ ಬೇರೆಯೇ ರೀತಿಯಲ್ಲಿ ತಟ್ಟಿತು.

ಆಮೇಲೆ ಆಂದ್ರೇ ಮುಂಕ್ ಅವರ ‘ಪ್ಯಾಸೆಂಜರ್’ ನೋಡಿ. ಚಿತ್ರೀಕರಣ ಮುಗಿಯುವ ಮೊದಲೇ, 1961ರಲ್ಲಿ, ಮುಂಕ್ ಕಾರು ಅಪಘಾತದಲ್ಲಿ ತೀರಿಕೊಂಡರು. ಗೆಳೆಯರು ಕಥೆಯನ್ನು ತಾವಾಗಿ ಪೂರ್ತಿಗೊಳಿಸಲು ಹೋಗದೆ, ಹಡಗಿನ ಮೇಲೆ ನಡೆಯುವ ಭಾಗವನ್ನು ಸ್ಥಿರಚಿತ್ರಗಳಲ್ಲೇ ಉಳಿಸಿ, ನಿರೂಪಣೆ ಸೇರಿಸಿ 1963ರಲ್ಲಿ ತೆರೆಗೆ ತಂದರು. ಔಶ್‌ವಿಟ್ಸ್ ಶಿಬಿರದ ಮಾಜಿ ಕಾವಲುಗಾರ್ತಿಯೊಬ್ಬಳು ತನ್ನ ಹಿಂದಿನದನ್ನು ತನಗೆ ಅನುಕೂಲವಾಗುವಂತೆ ನೆನಪಿಸಿಕೊಳ್ಳುವ ಈ ಕಥೆಗೆ ಆ ಅಪೂರ್ಣತೆ ಕೊರತೆಯೆಂದು ನನಗೆ ಎಂದೂ ಅನ್ನಿಸಿಲ್ಲ.

ಯುದ್ಧದ ಚಿತ್ರಗಳು ಭಾರವೆನಿಸಿದರೆ ಕಿಶ್ಲೋವ್‌ಸ್ಕಿ ಅವರ ‘ಡೆಕಲಾಗ್’ ಸರಣಿಯ ಹತ್ತು ಭಾಗಗಳಲ್ಲಿ ಮೊದಲನೆಯದನ್ನು ನೋಡಬಹುದು. ಅದು ಸುಮಾರು ಒಂದು ಗಂಟೆಯದು, ಆದರೆ ಹಗುರವಾದದ್ದಲ್ಲ. ವೊಯ್ಚೆಕ್ ಹಾಸ್ ಅವರ 1965ರ ‘ಸಾರಗೋಸ್ಸಾ ಮ್ಯಾನುಸ್ಕ್ರಿಪ್ಟ್’ ಮೂರು ಗಂಟೆಯ ಚಿತ್ರ. ಕಥೆಯೊಳಗೊಂದು ಕಥೆ ಹುಟ್ಟುವ ಅದರ ಬಗೆ ಪಂಚತಂತ್ರ ಓದಿದವರಿಗೆ ಹೊಸದೆನಿಸದು. ಅದನ್ನು ಮಾತ್ರ ಬಿಡುವಿರುವ ದಿನಕ್ಕೆ ಉಳಿಸಿಕೊಳ್ಳಿ.