ಅಪ್ಪನಿಗೆ ಸಿಓಪಿಡಿ, ಬಚ್ಚಲಿಗೆ ಹೋಗಿ ಬಂದರೂ ತೇಕು. ಮನೆಯಲ್ಲಿ ಏನು ಮಾಡಬಹುದು?

ನೀವು ಬರೆದದ್ದು ಓದಿದೆ. ಶಹಾಪುರದ ಹತ್ತಿರ ಹಳ್ಳಿ, ಅಪ್ಪನಿಗೆ 66, ಬೀಡಿ ಹಳೇ ಚಟ, ಡಾಕ್ಟರು ಸಿಓಪಿಡಿ, ಅಂದರೆ ಉಸಿರಿನ ಕೊಳವೆ ಸಣ್ಣಗಾಗುವ ಶ್ವಾಸಕೋಶದ ದೀರ್ಘ ಕಾಯಿಲೆ, ಅಂದಿದ್ದಾರೆ. ಪಂಪು (ಬಾಯಿಂದ ಮದ್ದು ಎಳೆದುಕೊಳ್ಳುವ ಇನ್ಹೇಲರ್) ರೂಢಿಯಾಗುತ್ತೆ ಅಂತ ಓಣಿಯವರು ಹೆದರಿಸುತ್ತಿದ್ದಾರೆ, ಆಕ್ಸಿಜನ್ ಯಂತ್ರ ತರಬೇಕಾ, ಅಪ್ಪನನ್ನು ಓಡಾಡಲು ಬಿಡಬೇಕಾ ಬೇಡವಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಇದೇ ಕಾಯಿಲೆ ನನಗೂ ಇದೆ, ಏಳು ವರ್ಷ ಆಯಿತು. ಊರು ಸೇಡಂ ಕಡೆ, ಈಗ ಕಲಬುರಗಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಬೀಡಿ ಒಂದು ದಿನವೂ ಮುಟ್ಟಿಲ್ಲ. ಆದರೆ ಮೂವತ್ತು ವರ್ಷ ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ತೊಗರಿ ಕಟ್ಟಿಗೆ ಉರಿಸಿ ರೊಟ್ಟಿ ಬಡಿದಿದ್ದೇನೆ. ಆ ಹೊಗೆಯೂ ಬೀಡಿ ಮಾಡುವ ಕೆಲಸವನ್ನೇ ಮಾಡುತ್ತೆ. ನಮ್ಮ ಕಡೆ ಎಷ್ಟೋ ಹೆಂಗಸರಿಗೆ ‘ದಮ್ಮು’ ಅಂತ ಅನ್ನಿಸಿಕೊಂಡದ್ದು ಇದೇ ಇರಬೇಕು ಅಂತ ನನಗೆ ಅನ್ನಿಸುತ್ತೆ.

ಮೊದಲು ಒಂದು ಮಾತು ತಿಳಿದುಕೊಳ್ಳಿ, ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತೆ. ನಮಗೆ ಉಸಿರು ಒಳಗೆ ಹೋಗುತ್ತಿಲ್ಲ ಅನ್ನಿಸುತ್ತೆ, ಆದರೆ ತೊಂದರೆ ಇರೋದು ಉಸಿರು ಹೊರಗೆ ಬರೋದರಲ್ಲಿ. ಒಳಗಿನ ಕೊಳವೆಗಳು ಬಾತು ಸಣ್ಣಗಾಗಿರುತ್ತವೆ, ಶ್ವಾಸಕೋಶ ಹಿಗ್ಗಿ ಕುಗ್ಗುವ ಶಕ್ತಿ ಕಳೆದುಕೊಂಡಿರುತ್ತೆ. ಹಳೇ ಗಾಳಿ ಒಳಗೇ ಉಳಿಯುತ್ತೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ಎಲ್ಲಿ ಹಿಡಿಯಬೇಕು? ಗಾಬರಿಯಾಗಿ ಜೋರಾಗಿ ಉಸಿರು ಎಳೆದಷ್ಟೂ ಎದೆ ಇನ್ನಷ್ಟು ಬಿಗಿಯುತ್ತೆ.

ಅದಕ್ಕೇ ಬಿಡೋದನ್ನು ಕಲಿಸಿ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ತಗೊಳ್ಳಬೇಕು, ತುಟಿ ಚೂಪು ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಬಿಡಬೇಕು. ಒಲೆ ಊದಿದಷ್ಟು ಜೋರಲ್ಲ, ಬಸಿಯಲ್ಲಿನ ಚಹಾ ಆರಿಸಿದಷ್ಟು ಮೆಲ್ಲಗೆ. ಆರಾಮಾಗಿ ಕೂತಾಗ ದಿನಕ್ಕೆ ನಾಲ್ಕಾರು ಸಲ ರೂಢಿ ಮಾಡಿಸಿ, ಯಾಕೆಂದರೆ ತೇಕು ಬಂದಾಗ ಹೊಸದಾಗಿ ಕಲಿಯಲು ಆಗಲ್ಲ. ಏಳುವಾಗ, ಬಗ್ಗುವಾಗ, ಬಕೆಟ್ ಎತ್ತುವಾಗ, ಮೆಟ್ಟಿಲು ಹತ್ತುವಾಗ, ಹೀಗೆ ಕಷ್ಟದ ಕೆಲಸದ ಹೊತ್ತಿಗೆ ಸರಿಯಾಗಿ ಉಸಿರು ಬಿಡುತ್ತಿರಬೇಕು. ನಾವು ಅಭ್ಯಾಸಬಲದಿಂದ ಉಸಿರು ಕಟ್ಟಿ ಎತ್ತುತ್ತೇವೆ, ಅಲ್ಲೇ ತಪ್ಪೋದು. ತೇಕು ಜಾಸ್ತಿಯಾದರೆ ಮಲಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈ ತೊಡೆಯ ಮೇಲೆ ಊರಲಿ, ಹೆಗಲು ಸಡಿಲ ಬಿಡಲಿ.

ಈಗ ಬಚ್ಚಲಿನ ವಿಷಯ. ಒಂದು ಕೇಳ್ತೀನಿ, ನಿಮ್ಮ ಬಚ್ಚಲಲ್ಲಿ ಹಂಡೆ ಒಲೆ ಇದೆಯಾ? ಅಡುಗೆಗೆ ಸಿಲಿಂಡರ್ ಬಂದರೂ ನೀರು ಕಾಯಿಸೋಕೆ ಮಾತ್ರ ಕಟ್ಟಿಗೆ, ಇದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅಪ್ಪ ತೇಕೋದು ನಡೆದದ್ದಕ್ಕೋ, ಆ ಹೊಗೆಗೋ ನೋಡಿ. ನಮ್ಮ ಊರ ಮನೆಯಲ್ಲಿ ಹಂಡೆಯನ್ನು ಹಿತ್ತಲಿಗೆ ಸಾಗಿಸಿದ ಮೇಲೆ, ಊರಿಗೆ ಹೋದಾಗ ಸ್ನಾನಕ್ಕೆ ನಾನು ಹೆದರೋದು ನಿಂತಿತು. ಸ್ನಾನ ಕೂತೇ ಮಾಡಲಿ, ಗಟ್ಟಿಯಾದ ಸ್ಟೂಲು ಹಾಕಿ. ನೀರು ಉಗುರುಬೆಚ್ಚಗೆ ಸಾಕು, ಹಬೆ ತುಂಬಿದರೆ ಕಷ್ಟ. ಬಾಗಿಲಿಗೆ ಅಗಳಿ ಹಾಕೋದು ಬೇಡ. ಕೈ ಎತ್ತಿ ಬೆನ್ನು ಒರೆಸಿಕೊಳ್ಳೋದಕ್ಕೇ ನನಗೆ ಅತೀ ಹೆಚ್ಚು ದಮ್ಮು ಹತ್ತುತ್ತಿತ್ತು. ಈಗ ದೊಡ್ಡ ಟವೆಲ್ ಹೊದ್ದು ಐದು ನಿಮಿಷ ಸುಮ್ನೆ ಕೂರುತ್ತೇನೆ, ನೀರೆಲ್ಲ ಅದೇ ಹೀರಿಕೊಳ್ಳುತ್ತೆ.

ಪಂಪಿನ ಬಗ್ಗೆ. “ಒಮ್ಮೆ ಹಚ್ಚಿದ್ರ ಬಿಡಂಗಿಲ್ಲ” ಅಂತ ನನಗೂ ಹೇಳಿದ್ದರು. ಅದು ಚಟ ಅಲ್ಲ. ಬಿಪಿ ಗುಳಿಗೆ ದಿನಾ ತಗೊಳ್ಳಲ್ವಾ, ಹಾಗೇ ಇದು. ಮದ್ದು ನೇರ ಎದೆಗೆ ಹೋಗೋದರಿಂದ ಗುಳಿಗೆಗಿಂತ ತುಂಬಾ ಕಡಿಮೆ ಪ್ರಮಾಣ ಸಾಕಾಗುತ್ತೆ. ನಾನು ಆ ಮಾತು ಕೇಳಿ, ಆರಾಮಿದೆಯಲ್ಲ ಅಂತ ಪಂಪು ಬಿಟ್ಟೆ. ಮೂರನೇ ವಾರ ಆಸ್ಪತ್ರೆ ಸೇರಿದೆ. ಅಲ್ಲಿ ಒಬ್ಬ ನರ್ಸ್ ಹುಡುಗಿ “ಹೊಡ್ಕೊಂಡು ತೋರಿಸ್ರಿ” ಅಂದಳು. ತೋರಿಸಿದೆ. ಎರಡು ವರ್ಷದಿಂದ ನಾನು ಮದ್ದನ್ನು ನಾಲಿಗೆಗೆ ಹೊಡೆದುಕೊಳ್ಳುತ್ತಿದ್ದೆ ಅಂತ ಅವತ್ತು ಗೊತ್ತಾಯಿತು. ಬರೆದುಕೊಟ್ಟವರು ಹೇಗೆ ಹೊಡೆದುಕೊಳ್ಳಬೇಕು ಅಂತ ಒಮ್ಮೆಯೂ ತೋರಿಸಿರಲಿಲ್ಲ, ಆ ನೋವು ನನಗೆ ಇನ್ನೂ ಇದೆ.

ಒತ್ತುವ ಪಂಪಾದರೆ ಚೆನ್ನಾಗಿ ಅಲ್ಲಾಡಿಸಬೇಕು, ಉಸಿರು ಪೂರ್ತಿ ಬಿಡಬೇಕು, ತುಟಿ ಬಿಗಿಯಾಗಿ ಮುಚ್ಚಿ ಮೆಲ್ಲಗೆ ಎಳೆಯಲು ಶುರು ಮಾಡುತ್ತಲೇ ಒತ್ತಬೇಕು, ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಎರಡನೇದಕ್ಕೆ ಸುಮಾರು ಒಂದು ನಿಮಿಷ ಬಿಡಿ. ವಯಸ್ಸಾದವರಿಗೆ ಒತ್ತೋದು ಎಳೆಯೋದು ಒಟ್ಟಿಗೆ ಹೊಂದಲ್ಲ, ಅದಕ್ಕೆ ಸ್ಪೇಸರ್ ಅಂತ ಪ್ಲಾಸ್ಟಿಕ್ ಡಬ್ಬಿ ಸಿಗುತ್ತೆ, ಅದನ್ನು ಡಾಕ್ಟರ ಹತ್ತಿರ ಕೇಳಿ ತಗೊಳ್ಳಿ. ಪುಡಿ ತುಂಬಿದ ಕ್ಯಾಪ್ಸೂಲ್ ಹಾಕುವ ಯಂತ್ರವಾದರೆ ರೀತಿ ಬೇರೆ, ಅದನ್ನು ಜೋರಾಗಿ ಎಳೆಯಬೇಕು. ಸ್ಟಿರಾಯ್ಡ್ ಇರುವ ಪಂಪಾದರೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಆಗುತ್ತೆ. ಇನ್ನೊಂದು, ದಿನಾ ತಗೊಳ್ಳುವ ಪಂಪು ಬೇರೆ, ತೇಕು ಬಂದಾಗ ತಗೊಳ್ಳುವ ಪಂಪು ಬೇರೆ. ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿಡಿ.

ಬೀಡಿ ಪೂರ್ತಿ ಬಿಡಲೇಬೇಕು. ಇದರಲ್ಲಿ ಅರ್ಧಂಬರ್ಧ ಇಲ್ಲ, ಕಾಯಿಲೆ ಬೆಳೆಯೋದನ್ನು ನಿಧಾನ ಮಾಡೋದರಲ್ಲಿ ಅದರಷ್ಟು ದೊಡ್ಡದು ಬೇರೇನೂ ಇಲ್ಲ. ಬೈದು ಬಿಡಿಸಲು ಆಗಲ್ಲ. 1800-112-356 ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ಅಪ್ಪನ ಕೈಯಲ್ಲೇ ಮಾತಾಡಿಸಿ.

ಮಲಗಿಸಿ ಇಡಬೇಡಿ. ಕೂತಷ್ಟೂ ಕಾಲಿನ ಶಕ್ತಿ ಇಳಿಯುತ್ತೆ, ಶಕ್ತಿ ಇಳಿದ ಕಾಲು ಅಷ್ಟೇ ದಾರಿಗೆ ಹೆಚ್ಚು ಉಸಿರು ಬೇಡುತ್ತೆ. ಡಾಕ್ಟರನ್ನು ಕೇಳಿ ಐದು ನಿಮಿಷದಿಂದ ಶುರು ಮಾಡಿ. ನಾನು ಶುರುವಿನಲ್ಲಿ ಮನೆಯಿಂದ ಮೂರನೇ ಕಂಬದವರೆಗೆ ಹೋಗುತ್ತಿದ್ದೆ, ಈಗ ಇಲ್ಲಿ ಕಲಬುರಗಿಯ ‘ಅಪ್ಪನ ಕೆರೆ’ ಹತ್ತಿರ ಅಲ್ಲಲ್ಲಿ ಕೂತು ಇಪ್ಪತ್ತು ನಿಮಿಷ ನಡೀತೀನಿ. ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ನಮ್ಮ ಬಿಸಿಲು 42, 43 ಮುಟ್ಟುವಾಗ ಬೆಳಿಗ್ಗೆ ಏಳರೊಳಗೆ ಮುಗಿಸಬೇಕು. ತೊಗರಿ ರಾಶಿಯ ದಿನಗಳಲ್ಲಿ ಹೊಲದ ಕಡೆ ಬಿಡಲೇಬೇಡಿ, ಆ ಹೊಟ್ಟಿನ ಧೂಳು ಕೆಟ್ಟದ್ದು.

ಹೊಟ್ಟೆ ಬಿರಿಯೆ ಉಣ್ಣಿಸಬೇಡಿ, ತುಂಬಿದ ಹೊಟ್ಟೆ ಮೇಲಕ್ಕೆ ಒತ್ತಿ ಉಸಿರಿಗೆ ಜಾಗ ಕೊಡಲ್ಲ. ಎರಡು ರೊಟ್ಟಿ ಒಂದೇ ಸಲದ ಬದಲು ಅರ್ಧರ್ಧ ನಾಲ್ಕು ಸಲ ಕೊಡಿ, ಜೊತೆಗೆ ಬೇಳೆ, ಕಾಳು, ತಿನ್ನೋರಾದರೆ ಮೊಟ್ಟೆ.

ಆಕ್ಸಿಜನ್ ಯಂತ್ರ ನೀವಾಗಿ ತರಬೇಡಿ. ಎಲ್ಲ ತೇಕಿಗೂ ಅದು ಬೇಕಿಲ್ಲ. ಸುಮ್ಮನೆ ಕೂತಾಗಲೂ ರಕ್ತದಲ್ಲಿನ ಆಕ್ಸಿಜನ್ ಮಟ್ಟ (ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಕಾಣುವ ಶೇಕಡಾ ಲೆಕ್ಕ) 88 ಅಥವಾ ಅದಕ್ಕಿಂತ ಕೆಳಗೇ ಇದ್ದರೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಬರೆದುಕೊಡುತ್ತಾರೆ, ಆಗ ದಿನಕ್ಕೆ 15 ಗಂಟೆಯಾದರೂ ಹಚ್ಚಬೇಕಾಗುತ್ತೆ. ನಮ್ಮಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿಯಾದರೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತೆ. ಅಂಥವರಿಗೆ 88ರಿಂದ 92 ಇದ್ದರೆ ಸಾಕು ಅನ್ನುತ್ತಾರೆ, 98ಕ್ಕೆ ಏರಿಸಲು ಹೋಗಬೇಡಿ. ಯಂತ್ರ ಬಂದ ಮನೆಯಲ್ಲಿ ಬೀಡಿ, ದೀಪ, ಒಲೆ ಹತ್ತಿರ ಸುಳಿಯಬಾರದು, ಬೆಂಕಿ ಹತ್ತಿಕೊಳ್ಳುತ್ತೆ.

ಕಫ ದಿನಾ ನೋಡಿ. ಹಳದಿ, ಹಸಿರು ಆದರೆ, ಜಾಸ್ತಿ ಬಂದರೆ, ತೇಕು ಎಂದಿಗಿಂತ ಹೆಚ್ಚಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ, ಸಂತೆ ದಿನದವರೆಗೆ ಕಾಯಬೇಡಿ. ತುಟಿ ನೀಲಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಮಂಪರಿದ್ದರೆ 108ಕ್ಕೆ ಫೋನ್ ಮಾಡಿ. ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಯೋದು ಇದ್ದರೆ ಟಿಬಿ ಪರೀಕ್ಷೆ ಮಾಡಿಸಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾ ಲಸಿಕೆ ಯಾವಾಗ ಅಂತ ಕೇಳಿ. ಊದಿಸಿ ನೋಡುವ ಸ್ಪೈರೋಮೆಟ್ರಿ ಮಾಡಿಸಿದ್ದಾರಾ ಅಂತಲೂ ಕೇಳಿ, ಅದಿಲ್ಲದೆ ಈ ಕಾಯಿಲೆ ಗಟ್ಟಿಯಾಗಿ ಹೇಳಲು ಬರಲ್ಲ.

ಇವತ್ತು ಸಂಜೆ ಅಪ್ಪ ಪಂಪು ಹೊಡೆದುಕೊಳ್ಳುವಾಗ ಎದುರಿಗೆ ಕೂತು ನೋಡಿ. ಬಾಯಿಂದಲೋ ಮೂಗಿಂದಲೋ ಮದ್ದು ಬಿಳಿ ಹೊಗೆಯ ಹಾಗೆ ಹೊರಗೆ ಬಂದರೆ ಒಳಗೆ ಹೋಗಿಲ್ಲ ಅಂತ. ಹಾಗಿದ್ದರೆ ನಾಳೆ ಪಂಪನ್ನೂ ಅಪ್ಪನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಎದುರಿಗೇ ಹೊಡೆಸಿ. ಏನಾಯಿತು ಅಂತ ನನಗೂ ಬರೆಯಿರಿ.