ಬೇಸ್‌ಬಾಲ್‌ನಲ್ಲಿ ಒಬ್ಬ ರಿಲೀಫ್ ಪಿಚರ್ 13 ತಂಡಗಳಿಗೆ ಆಡಿದ್ದು ಹೇಗೆ?

ಡೊಮಿನಿಕನ್ ಆಟಗಾರ ಒಕ್ಟಾವಿಯೊ ಡೊಟೆಲ್ ಬಗ್ಗೆ ಕೇಳಿದ್ದೀರಿ ಅಂದುಕೊಳ್ಳುತ್ತೇನೆ. 1999ರಿಂದ 2013ರವರೆಗೆ ಅವರು ಅಮೆರಿಕದ ಮೇಜರ್ ಲೀಗ್‌ನಲ್ಲಿ 13 ತಂಡಗಳಿಗೆ ಆಡಿದರು. 2019ರಲ್ಲಿ ಎಡ್ವಿನ್ ಜಾಕ್ಸನ್ 14 ಮುಟ್ಟುವವರೆಗೂ ಅದೇ ದಾಖಲೆ.

ಬ್ಯಾಟರ್‌ಗೆ ಚೆಂಡು ಎಸೆಯುವವನು ಪಿಚರ್; ಮೊದಲ ಪಿಚರ್ ದಣಿದ ಮೇಲೆ ಬರುವವನೇ ರಿಲೀಫ್ ಪಿಚರ್. ಹೆಚ್ಚಾಗಿ ಒಂದು ಇನ್ನಿಂಗ್ಸ್, ಅಂದರೆ ಮೂರು ಔಟ್, ಅಷ್ಟೇ ಅವನ ಪಾಲು. ಇಷ್ಟು ಚಿಕ್ಕ ಕೆಲಸವಾದ್ದರಿಂದ ಯಾವ ತಂಡಕ್ಕೆ ಹೋದರೂ ಸುಲಭವಾಗಿ ಹೊಂದಿಕೊಳ್ಳಬಹುದು. ಜುಲೈ ಕೊನೆ ಬಂತು ಅಂದರೆ ಸೋಲುತ್ತಿರುವ ತಂಡ ಅನುಭವಿಗಳನ್ನು ಬಿಟ್ಟುಕೊಟ್ಟು ಎಳೆಯ ಆಟಗಾರರನ್ನು ತೆಗೆದುಕೊಳ್ಳುತ್ತದೆ. 2010ರಲ್ಲಿ ಡೊಟೆಲ್ ಒಂದೇ ವರ್ಷ ಪಿಟ್ಸ್‌ಬರ್ಗ್, ಲಾಸ್ ಏಂಜಲೀಸ್, ಕೊಲರಾಡೊ ಹೀಗೆ ಮೂರು ಸಮವಸ್ತ್ರ ತೊಟ್ಟರು.

ಹಾಗಂತ ಅವರು ಸುಮ್ನೆ ಅಲೆದಾಡಿದವರಲ್ಲ. 2003ರ ಜೂನ್ 11ರಂದು ಅವರಾಗ ಆಡುತ್ತಿದ್ದ ಹ್ಯೂಸ್ಟನ್ ತಂಡದ ಆರು ಪಿಚರ್‌ಗಳು ಸೇರಿ ನ್ಯೂಯಾರ್ಕ್‌ನ ಯಾಂಕೀಸ್ ತಂಡಕ್ಕೆ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡಲಿಲ್ಲ. ಎಂಟನೇ ಇನ್ನಿಂಗ್ಸ್‌ನಲ್ಲಿ ಡೊಟೆಲ್ ನಾಲ್ಕು ಸ್ಟ್ರೈಕ್‌ಔಟ್ ಮಾಡಿದರು. ಬ್ಯಾಟರ್ ಚೆಂಡನ್ನು ಹೊಡೆಯಲು ಹೋಗಿ ತಪ್ಪಿದರೆ ಅಥವಾ ಸರಿಯಾದ ಚೆಂಡನ್ನು ಹೊಡೆಯದೆ ಬಿಟ್ಟರೆ ಅದು ಸ್ಟ್ರೈಕ್; ಹೀಗೆ ಮೂರಾದರೆ ಸ್ಟ್ರೈಕ್‌ಔಟ್. ಮೂರೇ ಔಟ್ ಅಲ್ವಾ, ನಾಲ್ಕು ಹೇಗೆ? ಮೂರನೇ ಸ್ಟ್ರೈಕ್‌ನ ಚೆಂಡು ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಕೈತಪ್ಪಿದರೆ ಬ್ಯಾಟರ್ ಮೊದಲ ಬೇಸ್‌ಗೆ ಓಡಿ ಉಳಿದುಕೊಳ್ಳಬಹುದು. ಸ್ಟ್ರೈಕ್‌ಔಟ್ ಲೆಕ್ಕಕ್ಕೆ ಸೇರುತ್ತದೆ, ಔಟ್ ಸೇರುವುದಿಲ್ಲ. ನನಗೆ ಬಹಳ ಇಷ್ಟವಾದ ನಿಯಮ ಇದು.

2011ರ ಜುಲೈನಲ್ಲಿ ಟೊರಾಂಟೊ ಅವರನ್ನು ಸೇಂಟ್ ಲೂಯಿಸ್‌ಗೆ ಕಳಿಸಿತು. ಅದೇ ಅಕ್ಟೋಬರ್‌ನಲ್ಲಿ ಆ ತಂಡ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. 2025ರ ಏಪ್ರಿಲ್‌ನಲ್ಲಿ, ಹುಟ್ಟೂರು ಸ್ಯಾಂಟೊ ಡೊಮಿಂಗೊದಲ್ಲಿ ನೈಟ್‌ಕ್ಲಬ್ ಚಾವಣಿ ಕುಸಿದು ಡೊಟೆಲ್ ತೀರಿಕೊಂಡರು. ಅವರಿಗಿನ್ನೂ 51.